ಎತ್ತಿನ ಚೀಟಿ ಮತ್ತು ಇಂಗ್ಲಿಷ್ ಪ್ಯಾರಾ

ಎರಡು ವರ್ಷ ನಾನು ಎಪ್ಪತ್ತೆರಡರಲ್ಲೇ ಕೂತಿದ್ದೆ. ಎಂಬಿಎ ಸೇರುವವರು ಬರೆಯುವ ಪ್ರವೇಶ ಪರೀಕ್ಷೆಯಲ್ಲಿ ಇಂಗ್ಲಿಷ್ ಓದಿನದ್ದೇ ಒಂದು ಭಾಗ ಇರುತ್ತದೆ. ಉದ್ದುದ್ದ ಪ್ಯಾರಾ ಕೊಡುತ್ತಾರೆ, ಕೆಳಗೆ ಪ್ರಶ್ನೆ, ಪ್ರಶ್ನೆಗೆ ನಾಲ್ಕು ಉತ್ತರ, ಅದರಲ್ಲಿ ಒಂದನ್ನು ಆರಿಸಬೇಕು. ಬರೆದ ನೂರು ಜನರಲ್ಲಿ ಎಷ್ಟು ಜನರನ್ನು ಹಿಂದೆ ಹಾಕಿದಿರಿ ಎಂಬುದೇ ಅಲ್ಲಿ ಅಂಕ. ಗಣಿತದಲ್ಲಿ ನಾನು ತೊಂಬತ್ತೈದು ಜನರನ್ನು ಸಲೀಸಾಗಿ ಹಿಂದೆ ಹಾಕುತ್ತಿದ್ದೆ. ಇಂಗ್ಲಿಷಿನಲ್ಲಿ ಎಪ್ಪತ್ತೆರಡು. ಇನ್ನೊಂದು ಮಾದರಿ ಪರೀಕ್ಷೆ ಬರೆದರೆ ಎಪ್ಪತ್ತೊಂದು. ಹಟ ಹಿಡಿದು ಮತ್ತೊಂದು ಬರೆದರೆ ಮತ್ತೆ ಎಪ್ಪತ್ತೆರಡು. ನಾನು ಕಣ್ಣಿಟ್ಟಿದ್ದ ಕಾಲೇಜುಗಳು ಎರಡೂ ಭಾಗದಲ್ಲಿ ಎಂಬತ್ತೈದಾದರೂ ಬೇಕು ಎನ್ನುತ್ತಿದ್ದವು. ಎತ್ತು ಏರಿಗೆಳೀತು, ಕೋಣ ನೀರಿಗೆಳೀತು ಅಂತಾರಲ್ಲ, ನನ್ನ ಗಣಿತ ಮತ್ತು ಇಂಗ್ಲಿಷಿನ ಜೋಡಿ ಅದೇ ಆಗಿತ್ತು.

ಆಗ ನಾನು ಕೊಟ್ಟೂರಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಹೆಸರಿಗೆ ತಕ್ಕ ಹಾಗೆ, ವರ್ಷ ಮುಗಿದ ಕೂಡಲೇ ಎದ್ದು ಹೋಗಬೇಕಾದವಳು. ಹಗರಿಬೊಮ್ಮನಹಳ್ಳಿಯ ಒಂದು ಸಹಕಾರ ಸೊಸೈಟಿಯಲ್ಲಿ ಗುಮಾಸ್ತರ ಕೆಲಸವೊಂದು ಖಾಲಿ ಬೀಳುವುದಿತ್ತು. ಕಾಯಂ ಕೆಲಸ. ಅಲ್ಲಿಯವರು ಅಪ್ಪನಿಗೆ ಪರಿಚಯದವರು, ಜನವರಿವರೆಗೆ ನಿಮ್ಮ ಮಗಳಿಗಾಗಿ ಕಾಯುತ್ತೇವೆ ಅಂದಿದ್ದರು. ಮೊದಲ ಸಲದ ಪರೀಕ್ಷೆ ಕೈಕೊಟ್ಟಾಗಿತ್ತು. ಈ ಸಲವೂ ಕೈಕೊಟ್ಟರೆ ಸುಮ್ಮನೆ ಆ ಕುರ್ಚಿಯಲ್ಲಿ ಹೋಗಿ ಕೂರುತ್ತೇನೆ ಅಂತ ನಾನೇ ಮನೆಯಲ್ಲಿ ಮಾತು ಕೊಟ್ಟಿದ್ದೆ. ಅದು ಕೆಟ್ಟ ಕೆಲಸವೇನಲ್ಲ. ಆದರೆ ವ್ಯಾಪಾರ ಎನ್ನುವುದು ಹೇಗೆ ನಡೆಯುತ್ತದೆ, ಒಂದು ವಸ್ತುವಿಗೆ ಒಂದು ಬೆಲೆ ಯಾಕೆ ನಿಲ್ಲುತ್ತದೆ ಅಂತ ತಿಳಿಯುವ ಹುಚ್ಚು ನನಗೆ ಚಿಕ್ಕಂದಿನಿಂದ ಇತ್ತು. ಇಂಗ್ಲಿಷಿನ ನಾಲ್ಕು ಪ್ಯಾರಾಕ್ಕೆ ಸೋತು ಅದನ್ನು ಬಿಟ್ಟುಕೊಡುವುದು ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತಿತ್ತು.

ಆ ಹುಚ್ಚು ಹಿಡಿಸಿದವನು ಅಪ್ಪ. ಅಪ್ಪ ದನದ ದಲಾಲಿ. ಕೂಡ್ಲಿಗಿಯಿಂದ ಹರಪನಹಳ್ಳಿವರೆಗೆ, ಆ ಕಡೆ ಹಡಗಲಿವರೆಗೆ, ಎತ್ತು ಮಾರುವವರಿಗೂ ಕೊಳ್ಳುವವರಿಗೂ ನಡುವೆ ನಿಲ್ಲುವವನು. ದನದ ಸಂತೆಯಲ್ಲಿ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ದಲಾಲಿ ತನ್ನ ಹೆಗಲಿನ ಟವಲನ್ನು ಕೈಮೇಲೆ ಹರವುತ್ತಾನೆ, ಅದರ ಅಡಿಯಲ್ಲಿ ಎದುರಿನವನ ಬೆರಳು ಹಿಡಿಯುತ್ತಾನೆ. ಎಷ್ಟು ಬೆರಳು ಒತ್ತಿದ ಎನ್ನುವುದೇ ಬೆಲೆ. ಮೇಲೆ ಬಾಯಿ ಏನೇನೋ ಹೇಳುತ್ತಿರುತ್ತದೆ. "ಛೇ, ಛೇ, ಆಗಂಗಿಲ್ಲ ಬಿಡ್ರಿ, ನಮ್ಮ ಮನ್ಯಾಗ ಹುಟ್ಟಿದ ಎತ್ತು" ಅಂತ ಒಬ್ಬ ಕಣ್ಣೀರು ತೆಗೆಯುವಷ್ಟರಲ್ಲಿ ಟವಲಿನ ಅಡಿ ಅವನ ಬೆರಳು ಒಪ್ಪಿಕೊಂಡಾಗಿರುತ್ತದೆ.

"ಸಂತ್ಯಾಗ ಬಾಯಿ ನೋಡಬ್ಯಾಡ, ಕೈ ನೋಡು," ಅಂತ ಅಪ್ಪ ನನಗೆ ಏಳನೇ ವಯಸ್ಸಿಗೇ ಹೇಳಿಕೊಟ್ಟಿದ್ದ.

ಮನೆಯಲ್ಲೂ ಅಪ್ಪನದು ಅದೇ ಚಾಳಿ. ಮನಸ್ಸಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು ನಾನು ಕೇಳಿಯೇ ಇರಲಿಲ್ಲ. ನಾನು ಕಾಲೇಜಿಗೆ ಹೊರಟ ಮೊದಲ ದಿನ "ಈ ಬಸ್ಸಿನೋರು ಬಾಳ ಜೋರು ಹೊಡೀತಾರ" ಅಂತ ಗೋಡೆಯ ಕಡೆ ತಿರುಗಿ ಹೇಳಿದ. ಅವ್ವ ಅದನ್ನು ಬಿಡಿಸಿ ಹೇಳಬೇಕು: "ಹುಷಾರಿಲೆ ಹೋಗಿ ಬಾ ಅಂತ ಹೇಳಾಕ ಹತ್ಯಾನ ನಿಮ್ಮಪ್ಪ." ಹಸಿವಾದರೆ "ಮಳೆ ಬರ್ತೈತೇನ" ಅನ್ನುತ್ತಿದ್ದ. ನನಗೆ ಮೊದಲ ದರ್ಜೆ ಬಂದಾಗ "ಪೇಪರ್ ತಿದ್ದಿದೋರು ಚಲೋ ಮಂದಿ ಇದ್ದಿರಬೇಕು" ಅಂದ. ಅದು ಹೊಗಳಿಕೆ ಅಂತ ಗೊತ್ತಾಗಲು ನನಗೆ ಅರ್ಧ ದಿನ ಹಿಡಿಯಿತು. ಹೀಗೆ ಬೆಳೆದವಳು ನಾನು. ಯಾರು ಏನೇ ಹೇಳಲಿ, ಅದರ ಅಡಿಯಲ್ಲಿ ಬೇರೆ ಏನೋ ಇದ್ದೇ ಇದೆ ಅಂತ ಹುಡುಕುವುದು ನನಗೆ ಉಸಿರಾಟದಷ್ಟೇ ಸಹಜ.

ಈ ಬುದ್ಧಿಯೇ ನನ್ನನ್ನು ಎಪ್ಪತ್ತೆರಡರಲ್ಲಿ ಕಟ್ಟಿಹಾಕಿದೆ ಅಂತ ನನಗೆ ಹೊಳೆಯಲೇ ಇಲ್ಲ. ನಾನು ಬೈದದ್ದು ನನ್ನ ಕನ್ನಡ ಮಾಧ್ಯಮವನ್ನು. ನಮ್ಮೂರು ಹೊಸಹಳ್ಳಿಯ ಶಾಲೆಯಲ್ಲಿ ಹತ್ತನೇ ತರಗತಿವರೆಗೆ ಕನ್ನಡದಲ್ಲೇ ಓದಿದವಳಿಗೆ ಇನ್ನೆಷ್ಟು ಬಂದೀತು ಅಂತ ನನಗೆ ನಾನೇ ಮರುಗಿಕೊಂಡೆ. ಇಂಗ್ಲಿಷ್ ಶಬ್ದಗಳನ್ನು ದಿನಕ್ಕೆ ಇಪ್ಪತ್ತರಂತೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದೆ. ಕಾಲೇಜಿಗೆ ಬರುವ ಇಂಗ್ಲಿಷ್ ಪತ್ರಿಕೆಯನ್ನು ಮೊದಲ ಪುಟದಿಂದ ಟೆಂಡರ್ ನೋಟೀಸಿನವರೆಗೆ ಓದಿದೆ. ಅಡುಗೆಮನೆಯ ಡಬ್ಬಿಗಳ ಮೇಲೆಲ್ಲ ಶಬ್ದದ ಚೀಟಿ ಅಂಟಿಸಿದೆ.

"ಉಪ್ಪಿನ ಡಬ್ಬಿ ಯಾವ್ದಬೇ? ಎಲ್ಲಾದಕೂ ಇಂಗ್ಲಿಷ್ ಬಡ್ದಿಯಲ್ಲ," ಅಂತ ಅವ್ವ ರೇಗಿದಳು. ಇಷ್ಟೆಲ್ಲ ಆದ ಮೇಲೆ ಬಂದ ಅಂಕ ಎಪ್ಪತ್ತು.

ಆ ದಿನ ನಾನು ನೋಟ್‌ಬುಕ್ಕನ್ನು ಸ್ಟಾಫ್ ರೂಮಿನ ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಪಕ್ಕದಲ್ಲಿದ್ದ ಇಂಗ್ಲಿಷ್ ಮೇಡಂ ಬೆಚ್ಚಿಬಿದ್ದರು. ಅವರು ಹರಪನಹಳ್ಳಿಯಿಂದ ದಿನಾ ಬಸ್ಸಿಗೆ ಬರುವವರು, ನನಗಿಂತ ನಾಲ್ಕೈದು ವರ್ಷ ದೊಡ್ಡವರು, ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಬಲ್ಲವರು. ನಾನು ತಪ್ಪು ಮಾಡಿದ ಪ್ಯಾರಾ ತೋರಿಸಿ ಅಂದರು. ಅದು ಹಳೆಯ ಕಾಲದ ಭೂಪಟಗಳ ಬಗ್ಗೆ ಇತ್ತು. ಕೆಲವರು ತಮಗೆ ಗೊತ್ತಿಲ್ಲದ ಜಾಗವನ್ನು ಖಾಲಿ ಬಿಡುತ್ತಿದ್ದರು, ಕೆಲವರು ಅಲ್ಲಿ ಚಿತ್ರ ಬರೆದು ತುಂಬುತ್ತಿದ್ದರು ಅಂತ ಲೇಖಕ ಹೇಳಿದ್ದ. ಲೇಖಕನ ಅಭಿಪ್ರಾಯ ಏನು ಅಂತ ಪ್ರಶ್ನೆ. ಖಾಲಿ ಬಿಟ್ಟವರ ಅಜ್ಞಾನವನ್ನು ಅವನು ಒಳಗೊಳಗೇ ಹಾಸ್ಯ ಮಾಡುತ್ತಿದ್ದಾನೆ ಅನ್ನುವ ಉತ್ತರವನ್ನು ನಾನು ಆರಿಸಿದ್ದೆ.

"ಅಲ್ರೀ ಮೇಡಂ, ಹಾಸ್ಯ ಎಲ್ಲೈತೆ ಇದ್ರಾಗೆ?" ಅಂತ ಅವರು ಕೇಳಿದರು.

"ಮ್ಯಾಲೆ ಇಲ್ರಿ. ಆದ್ರ ಆ ಧಾಟಿ ನೋಡ್ರಿ. ಖಾಲಿ ಅನ್ನೋ ಮಾತು ಎರಡು ಸಲ ಅಂದಾನ. ಏನೋ ಐತಿ ಒಳಗ."

"ಖಾಲಿ ಇತ್ತು, ಅದಕ್ಕೆ ಖಾಲಿ ಅಂದಾನೆ. ನಿಮಗೆ ಇಂಗ್ಲಿಷ್ ಚೆನ್ನಾಗೇ ಬರುತ್ತೆ ಕಣ್ರೀ. ಈ ಉತ್ತರ ಎಲ್ಲಿಂದ ತರ್ತೀರೋ ಅದೇ ತಿಳಿವಲ್ದು ನಂಗೆ," ಅಂದು ಅವರು ಗಂಟೆ ಹೊಡೆಯಿತೆಂದು ಕ್ಲಾಸಿಗೆ ಹೋದರು.

ನನಗೆ ಅವರ ಮೇಲೂ ಸಿಟ್ಟು ಬಂತು. ಪಾಪ, ಸರಳ ಮನುಷ್ಯರು, ಒಳಗಿನದು ಇವರಿಗೆ ಕಾಣುವುದಿಲ್ಲ ಅಂದುಕೊಂಡೆ. ಮೊಲಕ್ಕೆ ಮೂರೇ ಕಾಲು.

ಪರೀಕ್ಷೆಗೆ ಎರಡು ತಿಂಗಳು ಉಳಿದಿತ್ತು. ಅವತ್ತು ಕಾಲೇಜಿಗೆ ರಜೆ, ಅಪ್ಪನಿಗೆ ಸಂತೆ. ಅಪ್ಪ ಬೆಳಿಗ್ಗೆ ಊಟದ ಬುತ್ತಿ ಮರೆತು ಹೋಗಿದ್ದ. ಅವ್ವ ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ ಗಂಟು ಕಟ್ಟಿ ನನ್ನ ಕೈಗೆ ಕೊಟ್ಟಳು. ಸಂತೆಯ ಮೂಲೆಯಲ್ಲಿ ಬೇವಿನ ಮರದ ಕೆಳಗೆ ಅಪ್ಪ ಯಾವಾಗಲೂ ನಿಲ್ಲುವ ಜಾಗಕ್ಕೆ ಹೋದರೆ ಅಲ್ಲಿ ಆಗಲೇ ಏಳೆಂಟು ಜನ ಸೇರಿ ಗದ್ದಲ ಎಬ್ಬಿಸಿದ್ದರು. ನಡುವೆ ಒಂದು ಬಿಳಿ ಎತ್ತು ತನಗೂ ಇದಕ್ಕೂ ಸಂಬಂಧವೇ ಇಲ್ಲ ಅಂತ ಮೆಲುಕು ಹಾಕುತ್ತ ನಿಂತಿತ್ತು.

ಸಂಗತಿ ಇಷ್ಟು. ಹೊಳೆದಂಡೆಯ ಮಾಗಳದಿಂದ ಬಂದ ಒಬ್ಬ ಯಜಮಾನ ಹದಿನೈದು ದಿನದ ಹಿಂದೆ ಅಪ್ಪನ ದಲಾಲಿಯಲ್ಲಿ ಆ ಎತ್ತು ಕೊಂಡಿದ್ದ. ಮೈ ತೊಳೆಯಲು ಹೊಳೆಗೆ ಇಳಿಸಿದರೆ ಅದು ಇಳಿಯುತ್ತಿರಲಿಲ್ಲ. ನಾಲ್ಕು ಜನ ಹಗ್ಗ ಹಿಡಿದು ಎಳೆದರೂ ದಂಡೆಯಲ್ಲೇ ಕಾಲೂರುತ್ತಿತ್ತು. ಸಾಧು ಎತ್ತು ಅಂತ ಹೇಳಿ ಮೋಸ ಮಾಡಿದಿರಿ, ವಾಪಸ್ ತಗೊಳ್ಳಿ ಅಂತ ಆತ ಕೂಗಾಡುತ್ತಿದ್ದ. ಮಾರಿದವನು ಒಣಭೂಮಿಯ ಹಳ್ಳಿಯವನು, ಅವನ ಎತ್ತು ಹೊಳೆಯನ್ನೇ ಕಂಡಿರಲಿಲ್ಲ.

ಅಪ್ಪ ಕೂಗಾಡಲಿಲ್ಲ. ಮಾರಾಟದ ದಿನ ಬರೆದ ಚೀಟಿ ತೆಗೆಯಿರಿ ಅಂದ. ಬೆರಳಿನಲ್ಲಿ ಬೆಲೆ ಕುದುರಿದ ಮೇಲೆ ಎತ್ತಿನ ಗುರುತು, ಗುಣ ಎಲ್ಲ ಬರೆದು ಇಬ್ಬರ ಸಹಿ ಹಾಕಿಸುವುದು ಅಪ್ಪನ ಪದ್ಧತಿ. ಯಜಮಾನ ಜೇಬಿನಿಂದ ಚೀಟಿ ತೆಗೆದ. ಅಪ್ಪನ ಕನ್ನಡಕ ಬೈಕಿನ ಚೀಲದಲ್ಲಿತ್ತು. ನನ್ನನ್ನು ಕಂಡು, "ಬಾ ಇಲ್ಲಿ, ಕಾಲೇಜಿನ್ಯಾಗ ಕಲಿಸ್ತಾಳ ನನ್ನ ಮಗಳು, ಅಕಿನ ಓದ್ಲಿ, ಎಲ್ಲಾರೂ ಕೇಳ್ರಿ," ಅಂದ.

ನಾನು ಜಂಬದಿಂದ ಬುತ್ತಿಗಂಟನ್ನು ಕಂಕುಳಿಗೆ ಸೇರಿಸಿ ಓದಿದೆ. "ಬಿಳಿ ಎತ್ತು. ನಾಲ್ಕು ಹಲ್ಲು. ಎಡಗೊಂಬಿನ ತುದಿ ಮುರಿದಿದೆ. ಉಳುಮೆಗೂ ಬಂಡಿಗೂ ಹೂಡಿ ರೂಢಿ ಇದೆ. ಹಾಯುವುದಿಲ್ಲ, ಒದೆಯುವುದಿಲ್ಲ." ಅಲ್ಲಿಗೆ ಚೀಟಿ ಮುಗಿದಿತ್ತು. ನನ್ನ ಬಾಯಿ ಮುಗಿಯಲಿಲ್ಲ. ಜನಕ್ಕೆ ತಿಳಿಯಲಿ ಅಂತ ಬಿಡಿಸಿ ಹೇಳಿದೆ: "ಅಂದ್ರ ಸಾಧು ಎತ್ತು, ಯಾವ ಕೆಲಸಕ್ಕ ಹಚ್ಚಿದ್ರೂ ಹೂಂ ಅಂತೈತಿ ಅಂತ."

ಮಾಗಳದ ಯಜಮಾನ ತೊಡೆ ತಟ್ಟಿಕೊಂಡ. "ನೋಡ್ರಪಾ! ಅವರ ಮಗಳ ಓದಿದ್ಲು! ಯಾವ ಕೆಲಸಕ್ಕ ಹಚ್ಚಿದ್ರೂ ಅಂತ ಬರದೈತಂತ! ನೀರಿಗೆ ಇಳ್ಯಾದೂ ಕೆಲಸ ಹೌದಲ್ಲೋ?"

ಅಪ್ಪನ ಮುಖ ಕೆಂಪಾಯಿತು. ನನ್ನ ಜನ್ಮದಲ್ಲಿ ಅಪ್ಪ ನನ್ನ ಮೇಲೆ ಅಷ್ಟು ದೊಡ್ಡ ದನಿ ತೆಗೆದಿರಲಿಲ್ಲ. "ಎಲ್ಲೈತಿ ಅದು? ಬೆರಳಿಟ್ಟು ತೋರ್ಸು!"

ನಾನು ಚೀಟಿಯ ಮೇಲೆ ಬೆರಳಿಟ್ಟೆ. ಒದೆಯುವುದಿಲ್ಲ ಎಂಬಲ್ಲಿಗೆ ಬಂದು ಬೆರಳು ನಿಂತಿತು. ಅದರ ಕೆಳಗೆ ಸಹಿ, ಸಹಿಯ ಕೆಳಗೆ ಬರೀ ಕಾಗದ.

"ಇಲ್ಲ," ಅಂದೆ.

"ಇಲ್ಲಾಂದ ಮ್ಯಾಲೆ ಯಾಕ ಓದಿದಿ?"

"ಓದ್ಲಿಲ್ಲಪ್ಪ, ಅರ್ಥ ಹೇಳ್ದೆ."

"ನಿನ್ನ ಅರ್ಥ ಯಾರು ಕೇಳ್ಯಾರ? ಎತ್ತು ಈಯಿತು ಅಂದ್ರ ಕೊಟ್ಟಿಗ್ಯಾಗ ಕಟ್ಟು ಅಂದ್ಲಂತ, ಹಂಗಾತು. ಓದು ಅಂದ್ರ ಓದ್ಬೇಕು, ಅಷ್ಟ."

ಸುತ್ತಲಿನವರೆಲ್ಲ ನಕ್ಕರು. ನನಗೆ ಅಳು, ನಾಚಿಕೆ, ಸಿಟ್ಟು ಮೂರೂ ಒಟ್ಟಿಗೆ ಬಂದವು. ನಾನು ಮತ್ತೆ ಮೊದಲಿನಿಂದ ಓದಿದೆ, ಈ ಸಲ ಒಂದಕ್ಷರ ಹೆಚ್ಚಿಲ್ಲದೆ. ಯಜಮಾನ ಗೊಣಗುತ್ತ ತಾನೇ ಚೀಟಿ ಇಸಿದುಕೊಂಡು ನೋಡಿದ, ತಿರುವಿ ಹಿಂದೆಯೂ ನೋಡಿದ, ಮಡಚಿ ಜೇಬಿಗಿಟ್ಟ. ಆಮೇಲೆ ಅಪ್ಪನೇ ಅವನ ಭುಜದ ಮೇಲೆ ಕೈಯಿಟ್ಟು, "ಯಜಮಾನ್ರ, ನೀರು ಕಂಡಿಲ್ಲ ಅದು, ಹೆದರ್ತೈತಿ. ನಿಮ್ಮ ಹಳೇ ಎತ್ತು ಮುಂದ ಬಿಡ್ರಿ, ಇದರ ಹಗ್ಗ ಸಡ್ಲ ಹಿಡೀರಿ. ಅದು ಇಳಿದಿದ್ದು ನೋಡಿ ಇದೂ ಇಳೀತೈತಿ," ಅಂತ ಹೇಳಿ ಚಹಾ ಕುಡಿಸಿ ಕಳಿಸಿದ.

ಊಟಕ್ಕೆ ಕೂತಾಗಲೂ ನನ್ನ ಸಿಟ್ಟು ಇಳಿದಿರಲಿಲ್ಲ. "ಬಾಯಿ ನೋಡಬ್ಯಾಡ, ಕೈ ನೋಡು ಅಂತ ನೀನ ಕಲಿಸಿದ್ದಲ್ಲಪ್ಪ? ಒಳಗಿಂದು ನೋಡು ಅಂದಾಂವ ನೀನ, ನೋಡಿದ್ರ ಬೈಯಾಂವನೂ ನೀನ," ಅಂದೆ.

ಅಪ್ಪ ರೊಟ್ಟಿ ಮುರಿದ. "ಅದು ಮನುಷ್ಯಾನ ಮುಂದ ನಿಂತಾಗ. ಬೆಲಿ ಇನ್ನೂ ಆಗಿಲ್ಲ, ಅವನ ಮನಸಿನ್ಯಾಗ ಏನೈತಿ ನೋಡ್ಬೇಕು. ಚೀಟಿ ಬರದಾದ ಮ್ಯಾಲೆ ಮನಸು ಎಲ್ಲಿಂದ ಬರ್ತೈತಬೇ? ಮುಗೀತದು. ಬರದಿದ್ದು ಐತಿ, ಬರೀದಿದ್ದು ಇಲ್ಲ. ಕಾಗದದ ಹೊಟ್ಟ್ಯಾಗ ಕೈ ಹಾಕಿದ್ರ ಜಗಳ ಹೊರಗ ಬರ್ತಾವ," ಅಂದ. ಆಮೇಲೆ ಚಟ್ನಿಗೆ ಉಪ್ಪು ಜಾಸ್ತಿಯಾಗಿದೆ ಅಂದ. ಅವ್ವನ ಡಬ್ಬಿಗಳ ಮೇಲೆ ನಾನು ಅಂಟಿಸಿದ ಚೀಟಿಗಳ ಫಲ ಇರಬೇಕು ಅದು.

ನಾನು ತುತ್ತು ಕೈಯಲ್ಲೇ ಹಿಡಿದು ಕೂತುಬಿಟ್ಟೆ. ಆ ಭೂಪಟದ ಪ್ಯಾರಾ ನೆನಪಾಯಿತು. ಇಂಗ್ಲಿಷ್ ಮೇಡಂ ಕೇಳಿದ್ದೂ ಇದನ್ನೇ ಅಲ್ಲವೇ: ಎಲ್ಲೈತೆ ಇದ್ರಾಗೆ? ನಾನು ಎರಡು ವರ್ಷದಿಂದ ಪ್ಯಾರಾ ಬರೆದವರ ಜೊತೆ ದನದ ವ್ಯಾಪಾರ ಮಾಡುತ್ತಿದ್ದೆ. ಅವರು ನೇರವಾಗಿ ಬರೆದದ್ದನ್ನು ನಂಬದೆ, ಬರೆಯದ್ದನ್ನು ಹುಡುಕಿ ಹುಡುಕಿ ಆರಿಸುತ್ತಿದ್ದೆ. ಅಯ್ಯೋ ನನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ ಅಂದುಕೊಂಡೆ, ಆದರೆ ನಗುವೂ ಬಂತು.

ಮರುದಿನ ಹಳೆಯ ಮಾದರಿ ಪರೀಕ್ಷೆಗಳ ಪ್ರಿಂಟ್ ತೆಗೆಸಿ ನೆಲದ ಮೇಲೆ ಹರಡಿಕೊಂಡೆ. ತಪ್ಪಾದ ಒಂದೊಂದೇ ಉತ್ತರ ಹಿಡಿದು, ಇದು ಯಾವ ಸಾಲಿನಲ್ಲಿದೆ ಅಂತ ಪ್ಯಾರಾದ ಮೇಲೆ ಬೆರಳಿಡಲು ನೋಡಿದೆ. ಬೆರಳಿಗೆ ಜಾಗವೇ ಸಿಗಲಿಲ್ಲ. ಲೇಖಕ ಅಸೂಯೆಪಡುತ್ತಾನೆ ಅಂದಿದ್ದೆ, ಅಸೂಯೆಯ ಸುಳಿವೂ ಇಲ್ಲ. ಸರ್ಕಾರವನ್ನು ಚುಚ್ಚುತ್ತಾನೆ ಅಂದಿದ್ದೆ, ಅವನು ಬರೆದದ್ದು ಜೇನುಹುಳದ ಬಗ್ಗೆ. ನಾನು ಸಪ್ಪೆ ಅಂತ ಬಿಟ್ಟಿದ್ದ ಉತ್ತರವೇ ಹೆಚ್ಚು ಕಡೆ ಸರಿಯಿತ್ತು. ಬೆರಳಿಟ್ಟರೆ ಅದಕ್ಕೊಂದು ಸಾಲು ಸಿಗುತ್ತಿತ್ತು.

ಕೂಡಲೇ ಅಂಕ ಏರಿತೆಂದರೆ ಸುಳ್ಳಾಗುತ್ತದೆ. ಮುಂದಿನ ಮಾದರಿ ಪರೀಕ್ಷೆಯಲ್ಲಿ ಅರವತ್ತಾರಕ್ಕೆ ಬಿದ್ದೆ. ಪ್ರತಿ ಉತ್ತರಕ್ಕೂ ಸಾಲು ಹುಡುಕುತ್ತ ಕೂತು ಕೊನೆಯ ಎರಡು ಪ್ಯಾರಾ ಮುಟ್ಟಲೇ ಇಲ್ಲ. ಅವತ್ತು ಸೊಸೈಟಿಯ ಕುರ್ಚಿ ಕಣ್ಣೆದುರಿಗೇ ಬಂದು ನಿಂತಿತು. ಆದರೆ ಮುಟ್ಟಿದ ಪ್ಯಾರಾಗಳಲ್ಲಿ ತಪ್ಪು ಒಂದೇ ಒಂದಿತ್ತು. ಅದೊಂದು ಧೈರ್ಯ. ದಿನಾ ಮೂರು ಪ್ಯಾರಾ, ಗಡಿಯಾರ ಎದುರಿಗಿಟ್ಟು. ಮಧ್ಯಾಹ್ನದ ಬಿಡುವಿನಲ್ಲಿ ಇಂಗ್ಲಿಷ್ ಮೇಡಂ ಎದುರು ಕೂತು, "ಎಲ್ಲೈತೆ?" ಅಂತ ಕೇಳುವುದು, ನಾನು ಬೆರಳಿಡುವುದು. ಎಪ್ಪತ್ನಾಲ್ಕು ಬಂತು. ಎಪ್ಪತ್ತೊಂಬತ್ತು ಬಂತು. ಪರೀಕ್ಷೆಗೆ ಹತ್ತು ದಿನ ಇರುವಾಗ ಎಂಬತ್ತನಾಲ್ಕು. ಎಂಬತ್ತೈದು ಮಾತ್ರ ಒಂದು ಸಲವೂ ಬರಲಿಲ್ಲ.

ಪರೀಕ್ಷೆ ದಾವಣಗೆರೆಯ ಒಂದು ಕಾಲೇಜಿನಲ್ಲಿ, ಕಂಪ್ಯೂಟರಿನ ಮೇಲೆ. ಅಪ್ಪ ಬೈಕಿನಲ್ಲಿ ಕೊಟ್ಟೂರು ಬಸ್‌ಸ್ಟ್ಯಾಂಡಿಗೆ ತಂದು ಬಿಟ್ಟು, "ದಾವಣಗೆರಿ ಬೆಣ್ಣಿದ್ವಾಸಿ ಚಲೋ ಇರ್ತಾವಂತ," ಅಂದ. ಹೆದರಬೇಡ ಅಂತ ಅದರ ಅರ್ಥ ಅಂತ ನಾನೇ ಬಿಡಿಸಿಕೊಂಡೆ. ಪರೀಕ್ಷೆಯಲ್ಲಿ ಮೊದಲ ಪ್ಯಾರಾಕ್ಕೇ ನನ್ನ ಬೆರಳು ತಾನಾಗಿ ಸ್ಕ್ರೀನಿನ ಮೇಲೆ ಹೋಯಿತು. ಮೇಲ್ವಿಚಾರಕರು ಬಂದು, "ಸ್ಕ್ರೀನ್ ಮುಟ್ಟಬೇಡಿ," ಅಂದರು. ಕ್ಷಮಿಸಿ ಅಂದೆ. ಎರಡನೇ ಪ್ಯಾರಾಕ್ಕೂ ಮುಟ್ಟಿದೆ. ಅವರು ದುರುಗುಟ್ಟಿ ನೋಡಿದರು. ಮೂರನೆಯದಕ್ಕೆ ಎಡಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕಣ್ಣಿನಲ್ಲೇ ಸಾಲು ಹಿಡಿದೆ. ಸಮಯ ಮುಗಿದಾಗ ಒಂದು ಪ್ಯಾರಾ ಉಳಿದಿತ್ತು. ಹೊರಗೆ ಬಂದು ದೋಸೆ ತಿನ್ನಲೂ ಮನಸ್ಸಾಗದೆ ನೇರ ಬಸ್ಸು ಹತ್ತಿದೆ.

ಫಲಿತಾಂಶ ಬಂದ ದಿನ ಮಧ್ಯಾಹ್ನ ನಾನು, ಅವ್ವ ಅಡುಗೆಮನೆಯಲ್ಲಿದ್ದೆವು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಫೋನಿನಲ್ಲಿ ಪುಟ ತೆರೆಯಲು ಎರಡು ಸಲ ತಪ್ಪು ನಂಬರ್ ಒತ್ತಿದೆ. ಮೂರನೇ ಸಲ ತೆರೆಯಿತು. ಇಂಗ್ಲಿಷ್, ಎಂಬತ್ತೊಂಬತ್ತು. ನಂಬಿಕೆ ಬರದೆ ಅದರ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದೆ. ಆಮೇಲೆ ಅಲ್ಲೇ ಹಿಟ್ಟಿನ ಡಬ್ಬಿಗೆ ಒರಗಿ ನೆಲದ ಮೇಲೆ ಕೂತೆ. ಅವ್ವ ಏನಾತು ಏನಾತು ಅಂತ ಗಾಬರಿಯಾದಳು. "ಆತು ಬೇ, ಆತು. ಮುಗೀತು," ಅಂದೆ. ಎರಡು ವರ್ಷದಿಂದ ಎದೆಯ ಮೇಲೆ ಕೂತಿದ್ದದ್ದು ಎದ್ದುಹೋಯಿತು. ಎಷ್ಟು ಹಗುರ ಅನ್ನಿಸಿತೆಂದರೆ ನಗುತ್ತಲೇ ಅತ್ತೆ. ಅವ್ವ ಹಿಟ್ಟಿನ ಕೈಯಿಂದಲೇ ನನ್ನ ಕೆನ್ನೆ ನೇವರಿಸಿ ಲಟಿಕೆ ಮುರಿದಳು.

ಅಪ್ಪ ಹಿತ್ತಲಲ್ಲಿ ಎತ್ತಿಗೆ ನೀರು ಕುಡಿಸುತ್ತಿದ್ದ. ಓಡಿಹೋಗಿ ಹೇಳಿದೆ. "ಚಲೋ ಆತು," ಅಂದ, ಬಕೆಟ್ಟಿನ ಕಡೆಗೇ ನೋಡುತ್ತ. ಇಷ್ಟೇನಾ ಅಂತ ನನಗೆ ರೇಗಿತು. ಒಳಗೆ ಬಂದು ಅವ್ವನ ಮುಂದೆ ಗೊಣಗಿದೆ. ಅವ್ವ, "ನಿಮ್ಮಪ್ಪ ಅಂವ. ಮತ್ತ್ಯಾರು?" ಅಂದು ರೊಟ್ಟಿ ತಿರುವಿದಳು.

ಸ್ವಲ್ಪ ಹೊತ್ತಿಗೆ ಅಪ್ಪ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಕೈ ಒದ್ದೆಯಿತ್ತು. ಗೋಡೆಯ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದ.

"ಹೋಗು, ಓದು," ಅಂದ. "ನೀ ಹೋದ್ರ ನನಗ ಬಾಳ ಬ್ಯಾಸರ ಆಗ್ತೈತಿ. ಆದ್ರೂ ಹೋಗು."

ಅವ್ವನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಬಿಡಿಸಿ ಹೇಳಲು ಅವಳಿಗೆ ಏನೂ ಉಳಿದಿರಲಿಲ್ಲ.

"ನನಗೂ ಆಗ್ತೈತಪ್ಪ," ಅಂದೆ. "ಬಾಳ ಆಗ್ತೈತಿ. ಆದ್ರೂ ಹೊಕ್ಕೀನಿ."

ಅಪ್ಪ ಹೂಂ ಅಂದು ನನ್ನ ಪಕ್ಕದಲ್ಲೇ ನೆಲದ ಮೇಲೆ ಕೂತ. ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡು, "ಅಬ್ಬಾ, ಇಷ್ಟು ವರ್ಷಕ್ಕ ಇಬ್ಬರೂ ಬಾಯಿ ಬಿಟ್ರಲ್ಲಪ್ಪ," ಅಂದು ಇಬ್ಬರ ತಟ್ಟೆಗೂ ಬಿಸಿ ರೊಟ್ಟಿ ಹಾಕಿದಳು.